ಬೈಸಿಕೊಳ್ಳದ ಕುರ್ಚಿ

ಆ ಕುರ್ಚಿ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಕುರ್ಚಿ ತಯಾರಾಯಿತು ಅಂದರೆ ಅದನ್ನು ಕೆಲಸದ ದೊಡ್ಡ ಹಾಲಿನ ನಟ್ಟನಡುವೆ ಇಟ್ಟು, ಒಬ್ಬರಾದ ಮೇಲೆ ಒಬ್ಬರು ಕೂತು ಬೈಯಬೇಕು. ಬಡಗಿ ಕೂರಬೇಕು, ಪಾಲಿಷ್ ಹಾಕುವವಳು ಕೂರಬೇಕು, ಲಾರಿಗೆ ಹೇರುವವರು ಕೂರಬೇಕು. ಕರೆಂಟ್ ಬಿಲ್ ಕೊಡಲು ಬಂದವನೂ ಸುಮ್ಮನೆ ಹೋಗುವಂತಿಲ್ಲ, ಒಂದು ಸಲ ಕೂತು ಒಂದು ಮಾತು ಅಂದು ಹೋಗಬೇಕು. ಕುರ್ಚಿಯ ನಕ್ಷೆ ಬರೆದವರು ಮಾತ್ರ ಕೂರುವಂತಿಲ್ಲ. ಅವರು ಪಕ್ಕದಲ್ಲಿ ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳಬೇಕು. ತಪ್ಪೆಲ್ಲ ತಿದ್ದಿ, ಇನ್ನು ಬೈಯಲು ಏನೂ ಉಳಿದಿಲ್ಲ ಅಂತಾದ ಮೇಲೆ ಕಟ್ಟಕಡೆಗೆ ನಕ್ಷೆ ಬರೆದವರು ಕೂತರೆ ಕುರ್ಚಿ ಪಾಸು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಮೊದಲೇ ಕೂತರೆ ತಮ್ಮ ಹೆಗ್ಗಣ ತಮಗೆ ಜಿಂಕೆಮರಿಯಾಗಿ ಕಂಡುಬಿಡುತ್ತದೆ ಅನ್ನುವ ಭಯ. ಇದು ಯಜಮಾನರು ತಂದ ಪದ್ಧತಿ. ಬೈದರೆ ಮರವೂ ಹದವಾಗುತ್ತದೆ, ಮನುಷ್ಯರೂ ಹದವಾಗುತ್ತಾರೆ ಅಂತ ಅವರ ನಂಬಿಕೆ. ಅವರು ಮಾತ್ರ ಯಾರ ಕೈಲೂ ಬೈಸಿಕೊಂಡವರಲ್ಲ, ಆ ಮಾತು ಬೇರೆ.

ಅಲ್ಲಿ ನಕ್ಷೆ ಬರೆಯುತ್ತಿದ್ದವಳನ್ನು ಎಲ್ಲರೂ ಗೆರೆಯಕ್ಕ ಅನ್ನುತ್ತಿದ್ದರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಬಸ್ಸು ಹತ್ತುವವಳು, ಸಿಕ್ಕಿಸಿಕೊಂಡೇ ಒಲೆ ಹಚ್ಚುವವಳು. ಹರೆಯದಲ್ಲಿ ಸೇರಿದವಳಿಗೆ ಈಗ ಪೆನ್ಸಿಲ್ ಸಿಕ್ಕಿಸುವ ಜಾಗದ ಕೂದಲು ಬೆಳ್ಳಗಾಗಿತ್ತು. ಇಷ್ಟು ವರ್ಷದಿಂದ ಅವಳಿಗಿದ್ದ ಆಸೆ ಒಂದೇ, ಯಾವುದಾದರೂ ಒಂದು ಕುರ್ಚಿ ತನ್ನ ಹೆಸರು ಹೊತ್ತು ಆಚೆ ಹೋಗಬೇಕು. ಒಂದೇ ಒಂದು ಸಾಕು. ಆದರೆ ಬೈಸಿಕೊಂಡು, ತಿದ್ದಿಸಿಕೊಂಡು, ಇವರ ಮಾತಿಗೆ ಬೆನ್ನು ತಗ್ಗಿಸಿ ಅವರ ಮಾತಿಗೆ ಕಾಲು ದಪ್ಪ ಮಾಡಿ ಮುಗಿಸುವ ಹೊತ್ತಿಗೆ ಅದು ಊರವರ ಕುರ್ಚಿಯಾಗಿರುತ್ತಿತ್ತು. ಇದು ನನ್ನದು ಅಂತ ಬೊಟ್ಟು ಮಾಡಲು ಒಂದು ಗೆರೆಯೂ ಉಳಿದಿರುತ್ತಿರಲಿಲ್ಲ.

ಅವಳ ಲೆಕ್ಕದಲ್ಲಿ ಇದಕ್ಕೆಲ್ಲ ಕಾರಣ ಕೊಂಕಣ್ಣ. ಬಿಡಿ ಭಾಗ ಜೋಡಿಸುವವರಲ್ಲಿ ಎಲ್ಲರಿಗಿಂತ ಹಿರಿಯ. ಅವನಿಗೆ ಬೇರೆ ಹೆಸರೊಂದಿತ್ತು, ಅದು ಅವನಿಗೇ ಮರೆತು ಹೋಗಿರಬೇಕು. ಉಳಿದವರು ಪದ್ಧತಿಗೆ ಬೈದರೆ ಕೊಂಕಣ್ಣ ಆನಂದಕ್ಕೆ ಬೈಯುತ್ತಿದ್ದ. ಬಾಡಿಗೆ ಮನೆ ನೋಡಲು ಬಂದವರ ಹಾಗೆ ಮೊದಲು ಕುರ್ಚಿಗೆ ಒಂದು ಸುತ್ತು ಹಾಕುವುದು, ಬಗ್ಗಿ ಅಡಿಗೆ ನೋಡುವುದು, ಬೆರಳಲ್ಲಿ ಕುಟ್ಟುವುದು, ಆಮೇಲೆ ನಿಟ್ಟುಸಿರು ಬಿಟ್ಟು ಕೂರುವುದು. ಕೂತವನೇ, ಇದು ಕುರ್ಚಿಯಲ್ಲ ತಂಗಿ, ನಾಲ್ಕು ಕಾಲಿನ ಶಿಕ್ಷೆ, ಅನ್ನುತ್ತಿದ್ದ. ಬೆನ್ನು ಆನಿಸಿಕೊಂಡರೆ ಕುತ್ತಿಗೆ ಸಾಯುತ್ತದೆ, ಕುತ್ತಿಗೆ ಆನಿಸಿಕೊಂಡರೆ ಬೆನ್ನು ಸಾಯುತ್ತದೆ, ಇಬ್ಬರಲ್ಲಿ ಯಾರನ್ನು ಉಳಿಸಿಕೊಳ್ಳಲಿ ಅಂತ ಕೇಳುತ್ತಿದ್ದ. ಗೆರೆಯಕ್ಕ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದಳು. ಮನೆಗೆ ಹೋಗಿ ಅವನನ್ನು ಶಪಿಸಿ, ಬೆಳಗಾಗುವ ಹೊತ್ತಿಗೆ ಬೆನ್ನು ಕುತ್ತಿಗೆ ಇಬ್ಬರೂ ಬದುಕುವ ಹಾಗೆ ಹೊಸ ಗೆರೆ ಎಳೆದು ತರುತ್ತಿದ್ದಳು. ಸಿಟ್ಟಿನಲ್ಲಿ ಎಳೆದ ಗೆರೆಯೇ ಚೆನ್ನಾಗಿ ಬರುತ್ತಿತ್ತು ಅನ್ನುವುದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ.

ಹಾಗಂತ ಕೊಂಕಣ್ಣ ಆಡಿದ್ದೆಲ್ಲ ವೇದವಾಕ್ಯವೂ ಅಲ್ಲ. ಒಮ್ಮೆ ಅವಳು ಕೈ ಇಡುವ ಜಾಗದ ಕೆಳಗೆ ಪುಸ್ತಕಕ್ಕೊಂದು ಗೂಡಿರುವ ಕುರ್ಚಿ ಮಾಡಿದ್ದಳು. ಇದು ಕೂರೋ ಕುರ್ಚಿಯೋ ಸಾಮಾನು ತುಂಬೋ ಬೀರುವೋ, ಮೊದಲು ಅದು ತೀರ್ಮಾನವಾಗಲಿ ಅಂದ. ಹಾಲಿಗೆ ಹಾಲೇ ನಕ್ಕಿತು, ಕುರ್ಚಿ ಅಟ್ಟ ಸೇರಿತು. ಸ್ವಲ್ಪ ದಿನದ ಮೇಲೆ ಹಿಂದಿನ ಬೀದಿಯ ಕಾರ್ಖಾನೆಯವರು ಅಂಥದ್ದೇ ಒಂದನ್ನು ಮಾಡಿದರು, ಅದು ಮನೆಮನೆಗೂ ಹೋಯಿತು. ಗೆರೆಯಕ್ಕನ ನಾದಿನಿಯ ಮನೆಗೂ ಬಂತು. ಯಾರ ತಲೆಗೆ ಹೊಳೆಯಿತೋ ನೋಡಿ ಅತ್ತಿಗೆ, ಎಂಥಾ ಬುದ್ಧಿ, ಅಂತ ನಾದಿನಿ ಹೊಗಳುತ್ತಿದ್ದರೆ ಗೆರೆಯಕ್ಕ ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಅದೇ ಕುರ್ಚಿಯಲ್ಲಿ ಕೂತು ಕಾಫಿ ಕುಡಿದು ಬಂದಳು. ಮಾರನೆಯ ದಿನ ಕೊಂಕಣ್ಣನನ್ನು ತರಾಟೆಗೆ ತೆಗೆದುಕೊಂಡರೆ, ನನಗೆ ಈಗಲೂ ಅದು ಬೀರುವೇ ಅಂದ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಆಸಾಮಿ.

ಇಂಥದ್ದರಲ್ಲಿ ಯಜಮಾನರಿಗೆ ಮಂಡಿ ನೋವು ಶುರುವಾಗಿ, ಕಾರ್ಖಾನೆ ಅವರ ಅಳಿಯಂದಿರ ಕೈಗೆ ಬಂತು. ಅಳಿಯಂದಿರು ಬಾಗಿಲಿಗೆ "ಪ್ರಧಾನ ವ್ಯವಸ್ಥಾಪಕರು" ಅಂತ ಬೋರ್ಡು ಹಾಕಿಸಿಕೊಂಡರು. ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯಿತು ಅಷ್ಟೇ, ಎಲ್ಲರ ಬಾಯಲ್ಲೂ ಅವರು ಅಳಿಯಂದಿರೇ. ಓದಿಕೊಂಡವರು, ನಾಲ್ಕು ಕಡೆ ತರಬೇತಿ ಪಡೆದವರು, ಕೆಟ್ಟವರಂತೂ ಖಂಡಿತ ಅಲ್ಲ. ಬಂದ ವಾರವೇ ಒಂದು ಬೈಗುಳದ ಸರದಿ ನೋಡಿ ಅವರ ಮುಖ ಬಿಳಿಚಿಕೊಂಡಿತು. ಇಷ್ಟು ವರ್ಷ ಇಲ್ಲಿ ನಡೆದಿದ್ದು ಕುರ್ಚಿ ತಯಾರಿಕೆಯಲ್ಲ, ಸೃಜನಶೀಲತೆಯ ಕೊಲೆ ಅಂದರು. ಆ ಮಾತು ಕೇಳಿ ಗೆರೆಯಕ್ಕನ ಕಣ್ಣಲ್ಲಿ ನೀರು ಬಂತು, ಅಷ್ಟು ವರ್ಷದ ಮೇಲೆ ಒಬ್ಬರಾದರೂ ಹೇಳಿದರಲ್ಲ ಅಂತ.

ಆಮೇಲೆ ಪ್ರಗತಿ ಶುರುವಾಯಿತು. ಬೂದು ಗೋಡೆಗೆ ಹಳದಿ ಬಣ್ಣ ಬಂತು. ಮರದ ಹೊಟ್ಟಿನ ವಾಸನೆ ಯೋಚನೆಗೆ ಅಡ್ಡಿ ಅಂತ ಮೂಲೆಗೊಂದು ಪರಿಮಳದ ಯಂತ್ರ ಬಂತು. ಗರಗಸ ಇಡುತ್ತಿದ್ದ ಕೋಣೆ ಖಾಲಿಯಾಗಿ, ನೆಲದ ತುಂಬ ದಿಂಬು ಹಾಸಿ, "ಯೋಚನೆಯ ಕೋಣೆ" ಆಯಿತು. ಬಡಗಿಗಳು ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ಹೋಗಿ ಗೊರಕೆ ಹೊಡೆಯುತ್ತ ಯೋಚನೆ ಮಾಡುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಸುಧಾರಣೆ ಅಂದರೆ ಬೈಗುಳ ರದ್ದಾಯಿತು. ಇನ್ನು ಮುಂದೆ ಹೊಸ ಕುರ್ಚಿಯ ಮೇಲೆ ಕೂತವರು ಒಂದು ಮೆಚ್ಚುಗೆಯ ಮಾತು ಹೇಳಬೇಕು, ಉಳಿದವರು ಚಪ್ಪಾಳೆ ತಟ್ಟಬೇಕು. "ಆದರೆ" ಅನ್ನುವ ಮಾತು ಬಾಯಿಂದ ಬರಕೂಡದು. ಬಂದರೆ ಎದ್ದು ನಿಂತು ಒಬ್ಬರೇ ಚಪ್ಪಾಳೆ ತಟ್ಟಬೇಕು. ದಂಡ ಅಂದುಕೊಳ್ಳಬೇಡಿ, ಮನಸ್ಸಿನ ಕೊಳೆ ತೊಳೆಯುವ ವಿಧಾನ ಅಂತ ಅಳಿಯಂದಿರು ವಿವರಿಸಿದರು.

ಕೊಂಕಣ್ಣನ ಕೊಳೆ ಮಾತ್ರ ಹೋಗಲಿಲ್ಲ. ಮೊದಲ ಸಭೆಯಲ್ಲೇ ಎದ್ದು ನಿಂತು, ಎಲ್ಲ ಸರಿ ಸಾರ್, ಆದರೆ, ಅಂದ. ಚಪ್ಪಾಳೆ ತಟ್ಟಿ ಅಂದರೆ ಎರಡೂ ಕೈ ಜೇಬಿಗೆ ಹಾಕಿಕೊಂಡು ನಿಂತ. ಮುಂದಿನ ವಾರ ಅವನನ್ನು ಹಿಂದುಗಡೆ ಗೋದಾಮಿಗೆ, ತಯಾರಾದ ಕುರ್ಚಿಗಳ ಅಡಿಗೆ ಲೇಬಲ್ ಅಂಟಿಸುವ ಕೆಲಸಕ್ಕೆ ಹಾಕಿದರು. ಅದನ್ನೂ ಅಳಿಯಂದಿರು ಸಂಭ್ರಮದಿಂದಲೇ ಪ್ರಕಟಿಸಿದರು. ನಮ್ಮ ಹಿರಿಯರಿಗೆ ಹೊಸ ಜವಾಬ್ದಾರಿ, ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸಿಕೊಡೋಣ ಅಂದರು. ಹಾಲಿನಲ್ಲಿ ಯಾರೂ ಅಲ್ಲಾಡಲಿಲ್ಲ. ಬಡಗಿ ಪಾಲಿಷ್‌ನವಳ ಮುಖ ನೋಡಿದ, ಪಾಲಿಷ್‌ನವಳು ನೆಲ ನೋಡಿದಳು. ಮೊದಲು ಕೇಳಿಸಿದ್ದು ಗೆರೆಯಕ್ಕನ ಚಪ್ಪಾಳೆ. ಜೋರಾಗಿಯೇ ತಟ್ಟಿದಳು, ಬೀರುವಿನ ಸಿಟ್ಟು ಬಡ್ಡಿ ಸಮೇತ ಆ ಕೈಯಲ್ಲಿತ್ತು. ಕೊಂಕಣ್ಣ ಒಂದು ಸಲ ಅವಳ ಕಡೆ ನೋಡಿ, ಮೊಳೆಗೆ ನೇತು ಹಾಕಿದ್ದ ಊಟದ ಚೀಲ ತೆಗೆದುಕೊಂಡು ಹೊರಟು ಹೋದ.

ಅಳಿಯಂದಿರು ಗೆರೆಯಕ್ಕನನ್ನು ಕರೆದು, ನಿಮಗೆ ಇಷ್ಟ ಬಂದ ಕುರ್ಚಿ ಮಾಡಿ, ನಿಮ್ಮ ಹೆಸರಿನಲ್ಲೇ ಬಿಡುಗಡೆ ಮಾಡೋಣ ಅಂದರು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಎಷ್ಟೋ ವರ್ಷದಿಂದ ಮನಸ್ಸಿನಲ್ಲಿದ್ದ ಒಂದು ಆಕಾರ ಹೊರಗೆ ಬಂತು. ನೀರು ಹಿಡಿಯಲು ಎರಡು ಕೈ ಕೂಡಿಸಿದರೆ ಆಗುವ ಬೊಗಸೆಯ ಹಾಗೆ, ಒಂದೇ ಹಲಗೆಯನ್ನು ಹಬೆಯಲ್ಲಿ ಬಗ್ಗಿಸಿ ಮಾಡಿದ ಕುರ್ಚಿ. ಕೈ ಇಡಲು ಹಿಡಿ ಇಲ್ಲ, ಮೂಲೆ ಇಲ್ಲ, ಎಲ್ಲೂ ಮೊಳೆ ಕಾಣುವುದಿಲ್ಲ. ಹಿಂದಕ್ಕೆ ವಾಲಿಕೊಂಡು, ನೆಲಕ್ಕೆ ತಗ್ಗಿ, ಬನ್ನಿ ಅಂತ ಕರೆಯುವ ಹಾಗಿತ್ತು. ಅದಕ್ಕೆ ಬೊಗಸೆ ಅಂತಲೇ ಹೆಸರಿಟ್ಟಳು. ನೋಡಲು ಎಷ್ಟು ಚೆಂದ ಇತ್ತು ಅಂದರೆ ಅವಳು ಬಸ್ಸಿಗೆ ತಡವಾದರೂ ಒಂದು ಸಲ ಸವರಿಯೇ ಮನೆಗೆ ಹೋಗುತ್ತಿದ್ದಳು. ಕೂರಲು ಮಾತ್ರ ಹೋಗಲಿಲ್ಲ. ಬೈಗುಳ ಹೋದರೂ ಅಭ್ಯಾಸ ಹೋಗಬೇಕಲ್ಲ, ಎಲ್ಲರದ್ದೂ ಮುಗಿಯದೆ ಕೂರಬಾರದು ಅನ್ನುವುದು ಅವಳ ಮೈಗೆ ಹತ್ತಿಬಿಟ್ಟಿತ್ತು. ಈಗ ಮುಗಿಯುವುದು ಯಾವಾಗ ಅಂತ ಹೇಳುವವರೇ ಇರಲಿಲ್ಲ.

ಮೆಚ್ಚುಗೆಯ ದಿನ ಬಂತು. ಬಡಗಿ ಮೊದಲು ಕೂತ. ಆಹಾ ಅಂದ. ಏಳಲು ಹೋಗಿ ಆಗದೆ, ಮುಂದಕ್ಕೆ ಜಾರಿ, ನೆಲಕ್ಕೆ ಮಂಡಿಯೂರಿ, ಆಮೇಲೆ ಎದ್ದು, ಈ ಕುರ್ಚಿ ಮನುಷ್ಯನಿಗೆ ವಿನಯ ಕಲಿಸುತ್ತದೆ ಅಂದ. ಚಪ್ಪಾಳೆ. ಪಾಲಿಷ್‌ನವಳು ಕೂತು, ಅತ್ತಿತ್ತ ಹೊರಳಿ, ಕೊನೆಗೆ ಪಕ್ಕದವಳ ಕೈ ಹಿಡಿದು ಎದ್ದು, ಇದು ಜನರನ್ನು ಹತ್ತಿರ ತರುತ್ತದೆ ಅಂದಳು. ಅಳಿಯಂದಿರು ಅದನ್ನು ಬರೆದುಕೊಂಡರು. ಲಾರಿಯವನು ಬುದ್ಧಿವಂತ, ತುದಿಯಲ್ಲಿ ಕುಕ್ಕರುಗಾಲಿನಲ್ಲಿ ಒಂದು ಗಳಿಗೆ ಕೂತ ಹಾಗೆ ಮಾಡಿ ಎದ್ದು, ಮಾತೇ ಹೊರಡ್ತಿಲ್ಲ ಅಂದ. ಅವನಿಗೆ ಎಲ್ಲರಿಗಿಂತ ದೊಡ್ಡ ಚಪ್ಪಾಳೆ.

ಗೆರೆಯಕ್ಕನಿಗೆ ಆವತ್ತು ಊಟ ಸೇರಲಿಲ್ಲ. ಮನೆಯಲ್ಲಿ ಗಂಡನಿಗೆ ಬೊಗಸೆಯ ಚಿತ್ರ ತೋರಿಸಿದಳು, ಚೆನ್ನಾಗಿದೆ ಅಂದ. ಆ ದಿನದ ಅಡುಗೆಗೆ ಉಪ್ಪು ಎರಡು ಸಲ ಬಿದ್ದಿತ್ತು, ಅದನ್ನೂ ಅವನು ಚೆನ್ನಾಗಿದೆ ಅಂತಲೇ ತಿಂದು ಮುಗಿಸಿದ್ದ. ಸಂಸಾರಕ್ಕೆ ಅಂಥ ಗಂಡಸು ಬೇಕು ನಿಜ, ಕುರ್ಚಿಗಲ್ಲ. ಇಷ್ಟು ಜನ ಹೊಗಳಿದರೂ ತನ್ನ ಕುರ್ಚಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಅವಳಿಗೆ ತಿಳಿಯಲಿಲ್ಲ. ತಿಳಿಯಬೇಕಾದರೆ ಹೋಗಬೇಕಾದ ಜಾಗ ಒಂದೇ ಅಂತಲೂ ಗೊತ್ತಿತ್ತು. ನಾಚಿಕೆಯಾಯಿತು, ಆದರೂ ಮಾರನೆಯ ದಿನ ಕೆಲಸ ಬಿಟ್ಟ ಮೇಲೆ ಬೊಗಸೆಯನ್ನು ತಳ್ಳುಗಾಡಿಯಲ್ಲಿಟ್ಟುಕೊಂಡು ಗೋದಾಮಿಗೆ ಹೋದಳು.

ಕೊಂಕಣ್ಣ ರಟ್ಟಿನ ಪೆಟ್ಟಿಗೆಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತು ಬ್ರಷ್ಷಿನಿಂದ ಲೇಬಲ್ಲಿಗೆ ಅಂಟು ಸವರುತ್ತಿದ್ದ. ಅಳಿಯಂದಿರು ಉಳಿದವರ ಹಾಗೆ ಅವನನ್ನೂ ಒಳ್ಳೆಯ ಯೋಚನೆಯ ತರಬೇತಿಗೆ ಕಳಿಸಿ ಕರೆಸಿಕೊಂಡಿದ್ದರಂತೆ, ಗೋಡೆಗೆ ಅದರ ಪ್ರಮಾಣಪತ್ರ ಅಂಟಿಸಿಕೊಂಡಿದ್ದ, ತಲೆಕೆಳಗಾಗಿ. ಗೆರೆಯಕ್ಕ ಕುರ್ಚಿ ಇಳಿಸಿ, ಕೈಕಟ್ಟಿ ಪಕ್ಕಕ್ಕೆ ನಿಂತಳು. ಅಣ್ಣ, ಒಂದು ಸಲ ಕೂತು ನೋಡಿ ಅಂದಳು.

ಅವನು ಸುತ್ತು ಹಾಕಲಿಲ್ಲ, ಬಗ್ಗಿ ನೋಡಲಿಲ್ಲ, ಕುಟ್ಟಲಿಲ್ಲ. ನೇರ ಬಂದು ಕೂತ. ಗೆರೆಯಕ್ಕನ ಕಿವಿ ನಿಮಿರಿತು, ಇನ್ನೇನು ಬಂತು ಅಂತ ಬೆವರಿದಳು. ಬೈಸಿಕೊಳ್ಳಲು ಇಷ್ಟೊಂದು ಹಾತೊರೆಯುತ್ತೇನೆ ಅಂತ ಅವಳಿಗೇ ಗೊತ್ತಿರಲಿಲ್ಲ. ಕೊಂಕಣ್ಣ ಪಕ್ಕದ ಪೆಟ್ಟಿಗೆಗಳ ಮೇಲೆ ಎರಡೂ ಕೈ ಊರಿ, ಮೈಯೆಲ್ಲ ಎತ್ತಿ, ಎದ್ದ. ಒಂದು ಪೆಟ್ಟಿಗೆ ಅವನ ಭಾರಕ್ಕೆ ಜಜ್ಜಿ ಹೋಯಿತು.

"ಚೆನ್ನಾಗಿದೆ" ಅಂದ.

"ನಿಜವಾಗ್ಲೂ?"

"ತುಂಬಾ ಚೆನ್ನಾಗಿದೆ ತಂಗಿ. ಒಂದು ಮಾತು ಆಡೋ ಹಾಗಿಲ್ಲ."

ಕೊಂಕಣ್ಣನ ಬಾಯಲ್ಲಿ ಚೆನ್ನಾಗಿದೆ ಅನ್ನುವ ಮಾತು ಅವಳು ಕೇಳಿದ್ದು ಅದೇ ಮೊದಲು. ಜಜ್ಜಿ ಹೋದ ಪೆಟ್ಟಿಗೆ ಅವಳ ಕಣ್ಣಿಗೆ ಬಿದ್ದಿತ್ತು, ಬೀಳಲಿಲ್ಲ ಅಂದರೆ ಸುಳ್ಳು. ಆದರೆ ಬೇಕಾದ ಮಾತು ಬೇಕಾದವರ ಬಾಯಿಂದ ಬಂದಾಗ ಪೆಟ್ಟಿಗೆ ಯಾರು ನೋಡುತ್ತಾರೆ? ಅವಳು ಕುಣಿಯುತ್ತ ತಳ್ಳುಗಾಡಿ ತಳ್ಳಿಕೊಂಡು ವಾಪಸು ಬಂದಳು.

ಬಿಡುಗಡೆಗೆ ಒಂದು ದೊಡ್ಡ ಸಭಾಂಗಣ ಗೊತ್ತು ಮಾಡಿದ್ದರು. ವೇದಿಕೆಯ ನಡುವೆ ಬೊಗಸೆ, ಅದಕ್ಕೆ ರೇಷ್ಮೆಯ ಮುಸುಕು, ಹಿಂದೆ ಗೆರೆಯಕ್ಕನ ಹೆಸರು ಆಳೆತ್ತರದ ಅಕ್ಷರದಲ್ಲಿ. ಅಂಗಡಿಯವರು, ದೊಡ್ಡ ದೊಡ್ಡ ಕಚೇರಿಗಳ ಖರೀದಿದಾರರು ಮುಂದಿನ ಸಾಲು ತುಂಬಿದ್ದರು. ಅಳಿಯಂದಿರು ಮುಸುಕು ತೆಗೆದು, ಮೊದಲು ಕೂರುವ ಗೌರವ ನಮ್ಮ ಮಾವನವರದ್ದು ಅಂದರು. ಯಜಮಾನರು ಊರುಗೋಲು ಪಕ್ಕಕ್ಕೆ ಕೊಟ್ಟು ಕೂತರು. ಮುಖ ಅರಳಿತು. ಚಪ್ಪಾಳೆ ಬಿತ್ತು.

ಈಗ ಅವರು ಎದ್ದು ಬಂದು ಗೆರೆಯಕ್ಕನಿಗೆ ಶಾಲು ಹೊದಿಸಬೇಕಿತ್ತು. ಅವಳು ತಲೆ ಬಗ್ಗಿಸಿ ನಿಂತಿದ್ದಳು. ಶಾಲು ಬರಲಿಲ್ಲ. ತಲೆ ಎತ್ತಿ ನೋಡಿದರೆ ಯಜಮಾನರ ಕಾಲು ಗಾಳಿಯಲ್ಲಿ ನೆಲ ಹುಡುಕುತ್ತಿತ್ತು. ಕೈ ಆಸರೆ ಹುಡುಕಿತು, ಎಲ್ಲಿದೆ ಆಸರೆ, ಎಲ್ಲ ಕಡೆ ನುಣ್ಣಗೆ ಜಾರುವ ಬೊಗಸೆ. ಒಂದು ಸಲ ಮುಂದಕ್ಕೆ ತುಯ್ದರು, ಎರಡರಷ್ಟು ಹಿಂದಕ್ಕೆ ಹೋಗಿ ಬಿದ್ದರು. ಯಾರಾದರೂ ಒಬ್ಬರು, ಅಯ್ಯೋ ಏಳಕ್ಕಾಗ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಕಾರ್ಖಾನೆಯವರು ತರಬೇತಿಯಾದವರಲ್ಲವೇ, ಚಪ್ಪಾಳೆ ತಟ್ಟಿದರು. ಯಜಮಾನರು ತುಯ್ದಷ್ಟೂ ತಟ್ಟಿದರು. ಮುಂದಿನ ಸಾಲಿನವರು ಬಂದು ಕೈ ಕುಲುಕಿದಾಗ ಯಜಮಾನರು ಆ ಕೈಗಳನ್ನು ಹಿಡಿದು ಜಗ್ಗಿದರು, ಅವರು ಇದೇನು ಇಷ್ಟೊಂದು ಪ್ರೀತಿ ಅಂತ ಇನ್ನೂ ಬಗ್ಗಿ ಅಪ್ಪಿಕೊಂಡರು. ಗೆರೆಯಕ್ಕ ಖಾಲಿ ಹೆಗಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಜಜ್ಜಿದ ಪೆಟ್ಟಿಗೆ ಕಣ್ಣ ಮುಂದೆ ಬಂತು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಅಳಿಯಂದಿರು ಮೈಕು ಹಿಡಿದರು.

"ನೋಡಿ, ನಮ್ಮ ಮಾವನವರಿಗೆ ಏಳೋಕೆ ಮನಸ್ಸೇ ಬರ್ತಿಲ್ಲ!"

ಸಭಾಂಗಣ ಹೋ ಅಂತ ನಕ್ಕಿತು. ನಾಲ್ಕು ಜನ ಬಡಗಿಗಳು ಬಂದು ಯಜಮಾನರನ್ನು ಕುರ್ಚಿ ಸಮೇತ ಎತ್ತಿಕೊಂಡು ಒಳಗೆ ಹೋದರು. ಅದನ್ನೂ ಮೆರವಣಿಗೆ ಅಂದುಕೊಂಡು ಜನ ಎದ್ದು ನಿಂತರು.

ಬೊಗಸೆಗೆ ಬೇಡಿಕೆಯೋ ಬೇಡಿಕೆ. ದೂರು ಹೇಳಲು ಜನ ಬರುವ ಕಚೇರಿಗಳು ಮುಗಿಬಿದ್ದು ತರಿಸಿಕೊಂಡವು. ಒಂದು ಸಲ ಕೂರಿಸಿಬಿಟ್ಟರೆ ಆಯಿತು, ಯಾರೂ ಎದ್ದು ಬಂದು ಮೇಜು ಕುಟ್ಟುವುದಿಲ್ಲ. ಬಟ್ಟೆ ಅಂಗಡಿಯವರು ಕಾಯುವ ಗಂಡಂದಿರಿಗೆ ಅಂತ ಸಾಲಾಗಿ ಹಾಕಿಸಿದರು. ಗೆರೆಯಕ್ಕ ಅಳಿಯಂದಿರ ಕೋಣೆಗೆ ಹೋಗಿ, ಎರಡು ಹಿಡಿ ಸೇರಿಸಿ, ಕೂರುವ ಜಾಗ ಸ್ವಲ್ಪ ಎತ್ತರಿಸಿದರೆ ಸರಿಹೋಗುತ್ತದೆ, ಒಂದು ವಾರ ಕೊಡಿ ಅಂದಳು. ಅಳಿಯಂದಿರು ಪ್ರೀತಿಯಿಂದಲೇ ನಕ್ಕರು. ಹಳೇ ಕಾಲದ ಭಯ ನಿಮ್ಮನ್ನು ಇನ್ನೂ ಬಿಟ್ಟಿಲ್ಲ, ನೀವು ತಪ್ಪು ಅಂದುಕೊಂಡಿರುವುದೇ ಅದರ ಹೊಸತನ ಅಂದರು. ಆದರೆ ಸಾರ್, ಅಂತ ಅವಳ ಬಾಯಿಂದ ಜಾರಿತು. ಅಳಿಯಂದಿರು ಹುಬ್ಬು ಹಾರಿಸಿದರು. ಅವಳು ಎದ್ದು ನಿಂತು, ಒಬ್ಬಳೇ, ಚಪ್ಪಾಳೆ ತಟ್ಟಿದಳು. ಯಜಮಾನರೂ ಅಲ್ಲೇ ಕೂತಿದ್ದರು, ಮಾಮೂಲಿ ಹಳೇ ಕುರ್ಚಿಯಲ್ಲಿ. ಮಾರಾಟವಾಗುತ್ತಿದೆಯಲ್ಲಮ್ಮ ಅಂದರು. ಬೈಗುಳದ ಮಾತೇ ಎತ್ತಲಿಲ್ಲ.

ಅಲ್ಲಿಂದ ಅವಳು ನೇರ ಗೋದಾಮಿಗೆ ಹೋದಳು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಬೊಗಸೆಗಳು. ಕೊಂಕಣ್ಣ ಒಂದೊಂದನ್ನೇ ಬೋರಲು ಹಾಕಿ ಅಡಿಗೆ ಲೇಬಲ್ ಅಂಟಿಸುತ್ತಿದ್ದ. ಎಲ್ಲದರ ಮೇಲೂ ಅವಳ ಹೆಸರು, ಗೆರೆಯಕ್ಕ ಅಂತಲೇ, ಬಂಗಾರದ ಬಣ್ಣದಲ್ಲಿ. ಬೇಡಿಕೊಂಡಿದ್ದು ಒಂದು, ಸಿಕ್ಕಿದ್ದು ಗೋದಾಮಿನ ತುಂಬ. ಅವಳು ಹತ್ತಿರ ಇದ್ದ ಬೊಗಸೆಯ ಮೇಲೆ ಧೊಪ್ಪನೆ ಕೂತಳು. ತನ್ನ ಬೊಗಸೆಯಲ್ಲಿ ಅವಳು ಕೂತಿದ್ದು ಅದೇ ಮೊದಲು.

ಮೆತ್ತಗೆ ಒಳಗೆ ಎಳೆದುಕೊಂಡಿತು. ಆರಾಮವಾಗಿಯೇ ಇತ್ತು, ಅದೇ ಹೊಟ್ಟೆ ಉರಿಯುವ ಸಂಗತಿ.

"ಅಣ್ಣ, ಆವತ್ತು ಯಾಕೆ ಸುಳ್ಳು ಹೇಳಿದ್ರಿ? ನಿಮಗೆ ಗೊತ್ತಿತ್ತು."

ಕೊಂಕಣ್ಣ ಬ್ರಷ್ಷು ಅಂಟಿನ ಡಬ್ಬಿಗೆ ಹಾಕಿದ.

"ನನ್ನನ್ನ ಇಲ್ಲಿಗೆ ಕಳಿಸಿದಾಗ ನೀನು ಚಪ್ಪಾಳೆ ತಟ್ಟಿದೆ. ನಾನು ಚೆನ್ನಾಗಿದೆ ಅಂದೆ. ಎರಡೂ ಒಂದೇ ಮಾಲು ತಂಗಿ."

ಗೆರೆಯಕ್ಕ ಪುಸ್ತಕದ ಗೂಡಿನ ಕುರ್ಚಿಯ ವಿಷಯ ಎತ್ತಬಹುದಿತ್ತು, ನೀವೇನು ಕಮ್ಮಿಯೇ ಅಂತ ಕೇಳಬಹುದಿತ್ತು. ಅದೆಲ್ಲ ಕೇಳಲು ಮನಸ್ಸಾಗಲಿಲ್ಲ. ಅವಳಿಗೆ ಬೇಕಾಗಿದ್ದು ಬೇರೆ. ತಪ್ಪಾಯಿತು ಅಂದಳು. ಈಗಲಾದರೂ ಬೈಯಿರಿ, ಮೊದಲಿಂದ ಕೊನೆಯವರೆಗೆ ಬೈಯಿರಿ, ಒಂದನ್ನೂ ಬಿಡಬೇಡಿ, ಬೈಸಿಕೊಂಡು ಹೊಸದೊಂದು ಮಾಡುತ್ತೇನೆ ಅಂತ ಅಂಗಲಾಚಿದಳು.

ಕೊಂಕಣ್ಣನ ಕಣ್ಣು ಒಂದು ಕ್ಷಣ ಹಳೆಯ ಹಾಗೆ ಮಿನುಗಿತು. ಎದ್ದು ಬಂದು ಬೊಗಸೆಗೆ ಒಂದು ಸುತ್ತು ಹಾಕಿದ. ಬಗ್ಗಿ ಅಡಿಗೆ ನೋಡಿದ. ಬೆರಳಲ್ಲಿ ಕುಟ್ಟಿದ.

"ಪದ್ಧತಿ ಅಂದ್ರೆ ಪದ್ಧತಿ. ಬೈಸಿಕೊಳ್ಳೋರು ನಿಂತಿರಬೇಕು" ಅಂದ. "ಎದ್ದೇಳು, ಬೈತೀನಿ."

ಗೆರೆಯಕ್ಕ ಮುಂದಕ್ಕೆ ತುಯ್ದಳು. ಹಿಂದಕ್ಕೆ ಹೋಗಿ ಬಿದ್ದಳು. ಕೈ ಆಚೀಚೆ ಆಡಿಸಿದಳು, ಹಿಡಿಯಲು ಏನೂ ಸಿಗಲಿಲ್ಲ. ಕೊಂಕಣ್ಣ ಸ್ವಲ್ಪ ಹೊತ್ತು ನಿಂತು ನೋಡಿ, ಸ್ಟೂಲಿಗೆ ವಾಪಸು ಹೋಗಿ ಕೂತು, ಅವಳ ಹೆಸರಿನ ಇನ್ನೊಂದು ಲೇಬಲ್ಲಿಗೆ ಅಂಟು ಸವರತೊಡಗಿದ.